ಮೆಲ್ಬರ್ನ್ ನೈಟ್ಸ್ ಕ್ಲಬ್‌ಗೂ ಕ್ರೊಯೇಷಿಯಾಗೂ ಏನು ನಂಟು?

ಹುಟ್ಟಿನದೇ ನಂಟು. 1953ರಲ್ಲಿ ಮೆಲ್ಬರ್ನ್‌ಗೆ ವಲಸೆ ಬಂದಿದ್ದ ಕ್ರೊಯೇಷಿಯನ್ನರು ಕಟ್ಟಿದ ಫುಟ್‌ಬಾಲ್ ಕ್ಲಬ್ ಇದು. ಮೊದಲ ಹೆಸರೇ 'ಕ್ರೊಯೇಷಿಯಾ'. ಆಗ ಅದು ಸ್ವತಂತ್ರ ದೇಶವಾಗಿರಲಿಲ್ಲ, ಯುಗೋಸ್ಲಾವಿಯಾದ ಒಂದು ಭಾಗ ಅಷ್ಟೇ. ಹಾಗಾಗಿ ಆ ಹೆಸರಿನ ಜೆರ್ಸಿ ತೊಡುವುದು ಸುಮ್ನೆ ಆಟದ ಮಾತಾಗಿರಲಿಲ್ಲ.

1972ರಲ್ಲಿ ಪಂದ್ಯವೊಂದರಲ್ಲಿ ಗಲಾಟೆಯಾಗಿ ಕ್ಲಬ್ಬನ್ನು ವಿಕ್ಟೋರಿಯಾ ರಾಜ್ಯದ ಲೀಗ್‌ನಿಂದ ಹೊರಹಾಕಿದರು. ಅವರೇನೂ ಮನೆಗೆ ಹೋಗಿ ಕೂರಲಿಲ್ಲ. ಮೆಲ್ಬರ್ನ್‌ನದೇ ಬಡಾವಣೆ ಎಸೆಂಡನ್‌ನ ಇನ್ನೊಂದು ಕ್ಲಬ್ ಜೊತೆ ಸೇರಿ ಮತ್ತೆ ಮೈದಾನಕ್ಕೆ ಬಂದರು! 1984ರಲ್ಲಿ ರಾಷ್ಟ್ರೀಯ ಲೀಗ್‌ಗೂ ಏರಿದರು.

90ರ ದಶಕದಲ್ಲಿ ವಲಸಿಗರ ಗುರುತಿನ ಹೆಸರು ಬೇಡ ಅಂತ ಆಸ್ಟ್ರೇಲಿಯಾದ ಫುಟ್‌ಬಾಲ್ ಆಡಳಿತದವರು ಪಟ್ಟು ಹಿಡಿದಾಗ ಹೆಸರು 'ಮೆಲ್ಬರ್ನ್ ನೈಟ್ಸ್' ಆಯಿತು. ತಮಾಷೆ ನೋಡಿ, ಆ ಹೊತ್ತಿಗೆ ಕ್ರೊಯೇಷಿಯಾ ನಿಜಕ್ಕೂ ಸ್ವತಂತ್ರ ದೇಶವಾಗಿತ್ತು.

ಕ್ಲಬ್‌ನ ಒಳ್ಳೆಯ ಕಾಲವೂ ಅದೇ. 1994-95 ಮತ್ತು 1995-96, ಸತತ ಎರಡು ಸಲ ರಾಷ್ಟ್ರೀಯ ಚಾಂಪಿಯನ್. ಮುಂದೆ ಆಸ್ಟ್ರೇಲಿಯಾ ತಂಡದ ನಾಯಕನಾದ ಮಾರ್ಕ್ ವಿದುಕಾ ಬೆಳೆದದ್ದು ಇಲ್ಲೇ. ಅವರು ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್‌ನ ಕ್ಲಬ್‌ಗೆ ಹೋದಾಗ ಬಂದ ಹಣದಿಂದ ಕಟ್ಟಿದ ಸ್ಟ್ಯಾಂಡ್‌ಗೆ ಅವರದೇ ಹೆಸರಿದೆ.

2004ರಲ್ಲಿ ಆ ರಾಷ್ಟ್ರೀಯ ಲೀಗ್ ಮುಚ್ಚಿತು. ನಂತರ ಅದರ ಜಾಗಕ್ಕೆ ಬಂದ ಹೊಸ ಲೀಗ್ 'ಎ-ಲೀಗ್'ನಲ್ಲಿ ಇವರಿಗೆ ಜಾಗ ಸಿಗಲಿಲ್ಲ, ವಿಕ್ಟೋರಿಯಾ ರಾಜ್ಯದ ಲೀಗ್‌ಗೆ ವಾಪಸ್ಸಾದರು.