ಮಾತ್ರೆ ಕೊಡುವ ಮುನ್ನ ನಾಡಿ ನೋಡಿದಿರಾ?

ಪ್ರಶ್ನೆ: ನಾನು ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ. ಔಷಧಗಳ ವರ್ಗೀಕರಣವನ್ನು ಎಷ್ಟು ಬಾಯಿಪಾಠ ಮಾಡಿದರೂ ವಾರ್ಡಿಗೆ ಹೋದಾಗ ಕೇಸ್ ಶೀಟಿನಲ್ಲಿರುವ ಬ್ರ್ಯಾಂಡ್ ಹೆಸರಿಗೂ ನಾನು ಓದಿದ್ದಕ್ಕೂ ತಾಳೆಯಾಗುವುದಿಲ್ಲ. ಇನ್ಸುಲಿನ್ ಎಳೆಯುವಾಗಲಂತೂ ಕೈ ನಡುಗುತ್ತದೆ. ಏನು ಮಾಡಲಿ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬ್ರ್ಯಾಂಡ್ ಹೆಸರುಗಳನ್ನು ನೆನಪಿಡಲು ಹೋಗಬೇಡಿ, ಅವುಗಳಿಗೆ ಕೊನೆಯಿಲ್ಲ. ಸ್ಟ್ರಿಪ್ಪಿನ ಮೇಲಿರುವ ಮೂಲ ಔಷಧದ ಹೆಸರನ್ನು ಓದಿ, ಅದರ ಗುಂಪನ್ನು ಗುರುತಿಸಿ, ಪ್ರತಿ ಗುಂಪಿನ ಮುಂದೆ ‘ಕೊಡುವ ಮುನ್ನ ಏನು ನೋಡಬೇಕು’ ಎಂದು ಒಂದೇ ಸಾಲು ಬರೆದಿಟ್ಟುಕೊಳ್ಳಿ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂತಹ ಬೀಟಾ ಬ್ಲಾಕರ್‌ಗಳು ಹೃದಯದ ಬಡಿತವನ್ನು ತಗ್ಗಿಸುವುದರಿಂದ ಮೊದಲು ನಾಡಿ ಮತ್ತು ರಕ್ತದೊತ್ತಡ ನೋಡಬೇಕು. ನಾಡಿ 60ಕ್ಕಿಂತ ಕಡಿಮೆಯಿದ್ದರೆ, ವೈದ್ಯರು ಬೇರೆ ಮಿತಿ ಬರೆದಿರದಿದ್ದಲ್ಲಿ, ಮಾತ್ರೆಯನ್ನು ತಡೆಹಿಡಿದು ಅವರಿಗೆ ತಿಳಿಸುವುದು ರೂಢಿ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಆದರೆ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು. ರಕ್ತದೊತ್ತಡ ತಗ್ಗಿಸುವ ಎನಲಾಪ್ರಿಲ್, ರಾಮಿಪ್ರಿಲ್‌ಗಳಿಗೆ ರಕ್ತದೊತ್ತಡದ ಜೊತೆ ಪೊಟ್ಯಾಸಿಯಂ ವರದಿಯನ್ನೂ ನೋಡಿ, ಒಣಕೆಮ್ಮು ಇದೆಯೇ ಎಂದು ವಿಚಾರಿಸಿ. ಹೆಸರಿನ ಬಾಲ ಗುಂಪನ್ನು ಸೂಚಿಸುತ್ತದೆ ನಿಜ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ: ಪ್ಯಾಂಟೊಪ್ರಜೋಲ್ ಹೊಟ್ಟೆಯ ಆಮ್ಲ ತಗ್ಗಿಸುವ ಔಷಧ, ಅರಿಪಿಪ್ರಜೋಲ್ ಮನೋರೋಗಕ್ಕೆ ಕೊಡುವ ಔಷಧ.

ಇನ್ಸುಲಿನ್ ಎಳೆಯುವಾಗ ನಿಮಗಿರುವ ಭಯ ತಪ್ಪಲ್ಲ, ಅದು ಇರಲಿ. ನಮ್ಮ ದೇಶದಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ ವಯಲ್‌ಗಳೂ (ಸಣ್ಣ ಸೀಸೆಗಳು) 100 ಯೂನಿಟ್ ಇರುವವೂ ಬಳಕೆಯಲ್ಲಿವೆ. ಸಾಮಾನ್ಯವಾಗಿ ಮೊದಲನೆಯದಕ್ಕೆ ಕೆಂಪು ಮುಚ್ಚಳದ, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್. 20 ಯೂನಿಟ್ ಕೊಡಬೇಕಾದಾಗ 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಅರ್ಧ ಮಿಲಿಲೀಟರ್, ಅಂದರೆ 50 ಯೂನಿಟ್. ರೋಗಿಯ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಲು ಇಷ್ಟು ಸಾಕು. ಆದ್ದರಿಂದ ವಯಲ್ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಗಟ್ಟಿಯಾಗಿ ಓದಿ, ಎಳೆದದ್ದನ್ನು ಪಕ್ಕದ ಸಿಸ್ಟರ್‌ಗೆ ತೋರಿಸಿದ ಮೇಲೆಯೇ ಚುಚ್ಚಿ. ಪೊಟ್ಯಾಸಿಯಂ ಕ್ಲೋರೈಡ್ ವಿಷಯದಲ್ಲಿ ಇನ್ನೂ ಬಿಗಿ: ಆ ಆಂಪೂಲನ್ನು ದ್ರಾವಣದಲ್ಲಿ ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಎಂದಿಗೂ ಕೊಡಬಾರದು, ಹೃದಯ ನಿಂತೇ ಹೋಗಬಹುದು.

ಸರಿಯಾದ ರೋಗಿ, ಔಷಧ, ಪ್ರಮಾಣ, ಮಾರ್ಗ, ಸಮಯ ಎಂಬ ಐದನ್ನು ನೀವು ಓದಿಯೇ ಇರುತ್ತೀರಿ. ಇವುಗಳಲ್ಲಿ ಸುಲಭವೆಂದು ಕಾಣುವ ಮೊದಲನೆಯದರಲ್ಲೇ ವಿದ್ಯಾರ್ಥಿಗಳು ಎಡವುವುದನ್ನು ನಾನು ಹೆಚ್ಚಾಗಿ ನೋಡಿದ್ದೇನೆ. ‘ನೀವು ಗೌರಮ್ಮನವರಲ್ವಾ?’ ಎಂದು ಕೇಳಿದರೆ, ಜ್ವರದಲ್ಲಿರುವ ಅಜ್ಜಿ ಯಾರೇ ಆಗಿದ್ದರೂ ‘ಹ್ಞೂಂ’ ಎನ್ನುತ್ತಾರೆ. ‘ನಿಮ್ಮ ಹೆಸರು ಹೇಳಿ ಅಜ್ಜಿ’ ಎಂದು ಕೇಳಿ, ಬಳಿಕ ಕೈಪಟ್ಟಿಯ ಸಂಖ್ಯೆಯನ್ನು ಕೇಸ್ ಶೀಟಿನೊಂದಿಗೆ ಹೋಲಿಸಿ.

ಇನ್ನೊಂದು ವಿಷಯ, ನೀವು ಕೇಳಿಲ್ಲವಾದರೂ: ಕೆಲಸ ಬೇಗ ಮುಗಿಯಲೆಂದು 8 ಗಂಟೆಯ ಔಷಧಗಳಿಗೆಲ್ಲ ಏಳೂವರೆಗೇ ಸಹಿ ಹಾಕಿಡುವ ಅಭ್ಯಾಸ ಕೆಲವು ವಾರ್ಡುಗಳಲ್ಲಿದೆ. ಅದನ್ನು ಕಲಿಯಬೇಡಿ. ರೋಗಿ ಮಾತ್ರೆ ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೆ ಸಹಿ ಮಾಡಿ. ಬೇಡವೆಂದರೆ ಅಥವಾ ವಾಂತಿ ಮಾಡಿಕೊಂಡರೆ ಅದನ್ನೇ ಬರೆದು ಸಿಸ್ಟರ್‌ಗೆ ತಿಳಿಸಿ.