ರೂಟರ್ ಕಾನ್ಫಿಗರೇಶನ್ ಕಡತದಿಂದ ಪೋರ್ಟ್ ಮತ್ತು ಐಪಿ ವಿಳಾಸವನ್ನು ಜೋಡಿಯಾಗಿ ತೆಗೆಯುವುದು ಹೇಗೆ?

ಸಿಸ್ಕೊ ರೂಟರ್‌ಗಳ ಕಾನ್ಫಿಗರೇಶನ್ ಕಡತಗಳಲ್ಲಿ ಗ್ರೆಪ್ (ಪದ ಹುಡುಕುವ ಆಜ್ಞೆ) ಮಾಡಿದರೆ ಐಪಿ ವಿಳಾಸಗಳು ಸಿಗುತ್ತವೆ, ಆದರೆ ಯಾವ ವಿಳಾಸ ಯಾವ ಪೋರ್ಟಿನದೆಂದು ತಿಳಿಯುವುದಿಲ್ಲ ಎಂದು ಕೇಳಿದ್ದೀರಿ. ಶಿವಮೊಗ್ಗದಲ್ಲಿ ಕುಳಿತು ಸಾಗರ, ಹೊಸನಗರ, ತೀರ್ಥಹಳ್ಳಿ ಶಾಖೆಗಳ ರೂಟರ್‌ಗಳನ್ನು ನೋಡಿಕೊಳ್ಳುವ ನನಗೂ ಇದೇ ಪಟ್ಟಿ ಬೇಕಾಗಿತ್ತು. ಸಿಡಿಲಿಗೆ ಒಂದು ರೂಟರ್ ಸುಟ್ಟರೆ ಬದಲಿಯಲ್ಲಿ ಏನೇನು ತುಂಬಬೇಕೆಂಬುದು ಕೈಯಲ್ಲೇ ಇರಬೇಕಲ್ಲ.

ಐಒಎಸ್ (ಸಿಸ್ಕೊ ರೂಟರ್‌ಗಳ ಆಪರೇಟಿಂಗ್ ಸಿಸ್ಟಮ್) ಕಡತದಲ್ಲಿ ಸಾಲಿನ ಮೊದಲ ಅಕ್ಷರವನ್ನು ಗಮನಿಸಿ. ‘ಇಂಟರ್‌ಫೇಸ್’ ಪದ ಎಡ ಅಂಚಿನಿಂದಲೇ ಶುರುವಾದರೆ ಹೊಸ ಪೋರ್ಟು. ಅದರ ಕೆಳಗೆ ಒಂದು ಸ್ಪೇಸ್ ಬಿಟ್ಟು ಬರುವ ಸಾಲುಗಳೆಲ್ಲ ಆ ಪೋರ್ಟಿನವು. ಮತ್ತೆ ಅಂಚಿಗೆ ತಾಗಿದ ಸಾಲು, ಬರೀ ಆಶ್ಚರ್ಯಸೂಚಕ ಚಿಹ್ನೆಯಾದರೂ ಸರಿ, ಬಂದೊಡನೆ ಆ ಪೋರ್ಟಿನ ವಿವರ ಮುಗಿಯಿತು. ಆದ್ದರಿಂದ ಪೈಥಾನ್‌ನಲ್ಲಿ ಸಾಲುಸಾಲಾಗಿ ಓದುತ್ತ, ಸದ್ಯದ ಪೋರ್ಟಿನ ಹೆಸರನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಅಂಚಿನ ಬೇರೆ ಸಾಲು ಸಿಕ್ಕಾಗ ಅದನ್ನು ಖಾಲಿ ಮಾಡಿದರೆ ಸಾಕು. ‘ಐಪಿ ಅಡ್ರೆಸ್’ ಸಾಲನ್ನು ಸ್ಪ್ಲಿಟ್ ಮಾಡಿದಾಗ (ಪದಪದವಾಗಿ ಒಡೆದಾಗ) ಮೂರನೆಯ ಪದ ವಿಳಾಸ, ನಾಲ್ಕನೆಯದು ಮಾಸ್ಕ್ (ಜಾಲದ ವ್ಯಾಪ್ತಿ ತೋರಿಸುವ ಸಂಖ್ಯೆ). ಮೂರನೆಯದು ‘ಡಿಎಚ್‌ಸಿಪಿ’ (ವಿಳಾಸ ತಾನಾಗಿ ಸಿಗುವ ವ್ಯವಸ್ಥೆ) ಆಗಿದ್ದರೆ ನಾಲ್ಕನೆಯದನ್ನು ಹುಡುಕಬೇಡಿ. ಕೊನೆಯಲ್ಲಿ ‘ಸೆಕೆಂಡರಿ’ (ಹೆಚ್ಚುವರಿ ವಿಳಾಸ) ಎಂದಿರುವ ಸಾಲುಗಳೂ ಬರುವುದರಿಂದ ಪ್ರತಿ ಪೋರ್ಟಿಗೆ ವಿಳಾಸಗಳ ಲಿಸ್ಟ್ ಇಡುವುದು ಒಳ್ಳೆಯದು.

ಸಾಲು ಓದಿದ ತಕ್ಷಣ ಸ್ಟ್ರಿಪ್ ಮಾಡುವ (ಆಚೀಚಿನ ಸ್ಪೇಸ್ ತೆಗೆದುಹಾಕುವ) ಅಭ್ಯಾಸ ನಿಮಗಿದ್ದರೆ ಇಲ್ಲಿ ಬಿಡಿ. ನಾನು ಹಾಗೆ ಮಾಡಿ, ಪೋರ್ಟಿನ ಹೆಸರನ್ನು ಖಾಲಿ ಮಾಡುವುದನ್ನೂ ಮರೆತು, ‘ಶಟ್‌ಡೌನ್’ (ಬಂದ್) ಸಾಲನ್ನೂ ಹುಡುಕುತ್ತಿದ್ದ ನನ್ನ ಸ್ಕ್ರಿಪ್ಟ್‌ನಿಂದ ತೀರ್ಥಹಳ್ಳಿಯ ಕೊನೆಯ ಪೋರ್ಟು ಬಂದ್ ಆಗಿದೆ ಎಂಬ ವರದಿ ಪಡೆದೆ. ಅದೇ ಹೊತ್ತಿಗೆ ಆ ಶಾಖೆಯವರು ಅದೇ ಪೋರ್ಟಿನ ಮೂಲಕ ಕೆಲಸ ಮಾಡುತ್ತಿದ್ದರು. ಕಡತವನ್ನು ಕಣ್ಣಾರೆ ಓದಿದಾಗ, ಇಂಟರ್‌ಫೇಸ್‌ಗಳೆಲ್ಲ ಮುಗಿದ ಮೇಲೆ ಬರುವ, ಪೋರ್ಟಿಗೆ ಸಂಬಂಧವೇ ಇಲ್ಲದ ‘ಗೇಟ್‌ಕೀಪರ್’ ಭಾಗದ ‘ಶಟ್‌ಡೌನ್’ ಸಾಲು ಪಾಪದ ಆ ಪೋರ್ಟಿನ ಲೆಕ್ಕಕ್ಕೆ ಬಿದ್ದಿತ್ತು.

ಚಾಲೂ ಇರುವ ಪೋರ್ಟಿನಲ್ಲಿ ‘ನೋ ಶಟ್‌ಡೌನ್’ ಎಂದು ಹುಡುಕಿದರೆ ಸಾಮಾನ್ಯವಾಗಿ ಸಿಗದು, ಏಕೆಂದರೆ ಡೀಫಾಲ್ಟ್ ಆದದ್ದನ್ನು ರನ್ನಿಂಗ್ ಕಾನ್ಫಿಗ್ (ರೂಟರ್‌ನಲ್ಲಿ ಸದ್ಯ ಜಾರಿಯಲ್ಲಿರುವ ಕಾನ್ಫಿಗರೇಶನ್) ತೋರಿಸುವುದಿಲ್ಲ; ‘ಶಟ್‌ಡೌನ್’ ಇಲ್ಲದಿರುವುದನ್ನೇ ಚಾಲೂ ಎಂದು ಎಣಿಸಿ. ಕಡತವನ್ನು ಟರ್ಮಿನಲ್‌ನಿಂದ ಸೆರೆಹಿಡಿಯುವ ಮೊದಲು ‘ಟರ್ಮಿನಲ್ ಲೆಂತ್ 0’ ಕೊಡಿ, ಇಲ್ಲವಾದರೆ ಪುಟಪುಟಕ್ಕೂ ‘ಮೋರ್’ ಎಂಬ ಪದ ಸಾಲಿನ ಮುಂದೆ ಅಂಟಿಕೊಂಡು ಅಂಚಿನ ಲೆಕ್ಕವನ್ನೇ ಕೆಡಿಸುತ್ತದೆ.