ರೆಟ್ರೋದಲ್ಲಿ ಯಾರೂ ಬಾಯಿ ಬಿಡಲ್ಲ ಅಂತೀರಿ, ಆ ಮೇಲ್ ಯಾರ್ ಯಾರಿಗೆ ಹೋಗ್ತಿದೆ?

ಈ ಪತ್ರ ಓದಿ ಮುಗಿಸಿದ ಮೇಲೆ ಈ ವಾರಕ್ಕೆ ಅಂತ ಆರಿಸಿಟ್ಟಿದ್ದ ಬೇರೆ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟೆ. ಬರೆದಿರೋರು ಹಾಸನ ಕಡೆಯ ಹೆಣ್ಮಗಳು, ಬೆಂಗಳೂರಲ್ಲಿ ಒಂದು ಸಾಫ್ಟ್‌ವೇರ್ ಕಂಪನಿ, ಒಂಬತ್ತು ವರ್ಷ ಟೆಸ್ಟಿಂಗ್ ಮಾಡಿ ಹೋದ ವರ್ಷ ಸ್ಕ್ರಮ್ ಮಾಸ್ಟರ್ ಆಗಿದ್ದಾರೆ, ಅಂದ್ರೆ ಸ್ಪ್ರಿಂಟ್ ಅಂತ ಕೆಲವು ವಾರಗಳ ಕಂತಿನಲ್ಲಿ ಕೆಲಸ ಮಾಡೋ ಟೀಮಿಗೆ ಮೀಟಿಂಗುಗಳನ್ನ ಸಲೀಸಾಗಿ ನಡೆಸ್ಕೊಡೋರು. ಎರಡು ದಿನದ ಕೋರ್ಸ್ ಮಾಡಿ ಸರ್ಟಿಫಿಕೇಟ್ ತಗೊಂಡಿದ್ದಾರೆ, ಎಂಟು ಜನರ ಟೀಮು. ದಿನಾ ನಡೆಯೋ ಚಿಕ್ಕ ಮೀಟಿಂಗು, ಸ್ಟ್ಯಾಂಡಪ್‌ನಲ್ಲಿ ಎಲ್ಲರೂ ಇವರ ಮುಖ ನೋಡ್ಕೊಂಡು ಹಾಜರಿ ಹಾಕೋ ಥರ ಸ್ಟೇಟಸ್ ಹೇಳ್ತಾರಂತೆ, ಸ್ಪ್ರಿಂಟ್ ಮುಗಿದ ಮೇಲೆ ಏನು ಸರಿ ಹೋಯ್ತು, ಏನು ಹೋಗ್ಲಿಲ್ಲ ಅಂತ ಮಾತಾಡೋ ರೆಟ್ರೋದಲ್ಲಂತೂ 'ಆಲ್ ಗುಡ್', 'ನಥಿಂಗ್ ಫ್ರಮ್ ಮೈ ಸೈಡ್' ಅಷ್ಟೇ. ಮಾತಾಡಿಸೋಕೆ ಅಂತ ಇರೋ ಪದ್ಧತಿಗಳಲ್ಲಿ ಸ್ಟಾರ್ಟ್ ಸ್ಟಾಪ್ ಕಂಟಿನ್ಯೂ ಆಯ್ತು, ಮ್ಯಾಡ್ ಸ್ಯಾಡ್ ಗ್ಲಾಡ್ ಆಯ್ತು, ದೋಣಿ ಚಿತ್ರ ಬರೆದು ಲಂಗರು ಯಾವ್ದು ಗಾಳಿ ಯಾವ್ದು ಅಂತ ಕೇಳಿದ್ದೂ ಆಯ್ತು, ಯಾರೂ ತುಟಿ ಬಿಚ್ಚಲಿಲ್ಲ. ಅಪ್ರೈಸಲ್‌ನಲ್ಲಿ ಮ್ಯಾನೇಜರು 'ಫೆಸಿಲಿಟೇಶನ್ ಸ್ಕಿಲ್ಸ್ ಇಂಪ್ರೂವ್ ಮಾಡ್ಕೊಬೇಕು', ಅಂದ್ರೆ ಮೀಟಿಂಗಲ್ಲಿ ಜನರನ್ನ ಮಾತಾಡಿಸೋ ಕಲೆ ಸಾಲದು, ಅಂತ ಬರೆದ್ರಂತೆ. ಈಗ ಇವರು ಕೇಳ್ತಿರೋದು, ಮಗಳ ಸ್ಕೂಲ್ ಫೀಸಿಗೆ ಅಂತ ಕೂಡಿಟ್ಟ ದುಡ್ಡಲ್ಲಿ ಕೋಚಿಂಗ್ ಸರ್ಟಿಫಿಕೇಶನ್ ಮಾಡ್ಲಾ, ಇಲ್ಲ ವಾಪಸ್ ಟೆಸ್ಟಿಂಗ್‌ಗೇ ಹೋಗ್ಬಿಡ್ಲಾ, ನನ್ನ ಇಂಗ್ಲಿಷೇ ಸಾಲಲ್ವೇನೋ, ನನ್ನಲ್ಲಿ ಲೀಡರ್ ಗುಣಾನೇ ಇಲ್ವೇನೋ ಅಂತ.

ನೀವು ಪತ್ರದ ಮಧ್ಯದಲ್ಲಿ ಒಂದು ಸಾಲು ಬರೆದು ಮುಂದೆ ಹೋಗ್ಬಿಟ್ಟಿದ್ದೀರಿ. 'ಪ್ರತಿ ರೆಟ್ರೋ ಆದ್ಮೇಲೆ ಯಾರು ಯಾವ ಪಾಯಿಂಟ್ ಹೇಳಿದ್ರು ಅಂತ ನೀಟಾಗಿ ಎಂಒಎಂ (ಮೀಟಿಂಗಿನ ಟಿಪ್ಪಣಿ) ಮಾಡಿ ಟೀಮ್‌ಗೂ ಮ್ಯಾನೇಜರ್‌ಗೂ ಕಳಿಸ್ತೀನಿ, ಅದ್ರಲ್ಲೂ ಏನೂ ಕೊರತೆ ಮಾಡಿಲ್ಲ' ಅಂತ. ನಿಮ್ಮ ಶ್ರದ್ಧೆಗೆ ಸಾಕ್ಷಿ ಅಂತ ಬರೆದಿದ್ದೀರಿ. ಅದಾಗಿ ಸ್ವಲ್ಪ ಕೆಳಗೆ, ಬೇರೆ ವಿಷಯ ಅನ್ನೋ ಥರ, ಒಬ್ಬ ಜೂನಿಯರ್ ಹುಡುಗನ ಕಥೆ. ಶುಕ್ರವಾರ ರಾತ್ರಿ ಸಾಫ್ಟ್‌ವೇರ್ ರಿಲೀಸ್ ಮಾಡೋದು ಬೇಡ, ಶನಿವಾರ ಪೂರ್ತಿ ಕೆಟ್ಟಿದ್ದನ್ನ ಸರಿ ಮಾಡೋ ಫೈರ್‌ಫೈಟಿಂಗ್ ಆಗುತ್ತೆ ಅಂತ ಅವನು ಒಂದ್ಸಲ ರೆಟ್ರೋದಲ್ಲಿ ಧೈರ್ಯ ಮಾಡಿ ಹೇಳಿದ್ನಂತೆ. ಮುಂದಿನ ತಿಂಗಳು ಅವನ ರಿವ್ಯೂದಲ್ಲಿ 'ನೆಗೆಟಿವ್ ಆಟಿಟ್ಯೂಡ್' ಅಂತ ಬಂತಂತೆ. 'ಪಾಪ, ಆಮೇಲಿಂದ ಅವನೂ ಸೈಲೆಂಟು' ಅಂತ ಬರೆದು ನೀವು ಮುಂದಿನ ಪ್ಯಾರಾದಲ್ಲಿ ನಿಮ್ಮ ಇಂಗ್ಲಿಷ್ ವಿಷಯಕ್ಕೆ ಬಂದಿದ್ದೀರಿ.

ಈ ಎರಡೂ ಸಾಲನ್ನ ಪಕ್ಕಪಕ್ಕ ಇಟ್ಟು ಓದಿ. ಮ್ಯಾನೇಜರು ರೆಟ್ರೋಗೆ ಬರಲ್ಲ ಅಂತ ನೀವೇ ಹೇಳ್ತಿದ್ದೀರಿ. ಹಾಗಿದ್ರೆ ಆ ಹುಡುಗ ಏನ್ ಹೇಳಿದ ಅನ್ನೋದು ಅವರ ಕಿವಿಗೆ ಹೇಗೆ ಹೋಯ್ತು?

ನಿಮ್ಮ ಟೀಮಿನ ಎಂಟೂ ಜನಕ್ಕೆ ಇದು ಗೊತ್ತು. ಅವರ ಇನ್‌ಬಾಕ್ಸ್‌ಗೂ ಅದೇ ಮೇಲ್ ಬರುತ್ತಲ್ಲ, ಸಿಸಿಯಲ್ಲಿ ಯಾರಿದ್ದಾರೆ ಅಂತ ಕಾಣಲ್ವಾ? ಊರಲ್ಲಿ ಪಂಚಾಯ್ತಿ ಕಟ್ಟೆ ಮೇಲೆ ಗೌಡ್ರ ಕಡೆಯವನೊಬ್ಬ ಪುಸ್ತಕ ಪೆನ್ನು ಹಿಡ್ಕೊಂಡು ಹೆಸರು ಬರ್ಕೊಳ್ತಾ ಕೂತಿದ್ರೆ ಗೌಡ್ರ ಗದ್ದೆ ನೀರಿನ ಬಗ್ಗೆ ಯಾರು ಮಾತಾಡ್ತಾರೆ ಹೇಳಿ. ನಿಮ್ಮ ಟೀಮ್‌ಗೆ ಮಾತು ಬರಲ್ಲ ಅಂತಲ್ಲ, ಅವರು ಲೆಕ್ಕ ಹಾಕಿ ಸುಮ್ನಿದ್ದಾರೆ. ನಾನು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೀನಿ, ಮನೆಯಾಗ್ಲಿ ಆಫೀಸಾಗ್ಲಿ, ಒಂದು ಗುಂಪಿಗೆ ಗುಂಪೇ ಸುಮ್ಮನಾಗಿದೆ ಅಂದ್ರೆ ಅಲ್ಲಿ ಯಾವತ್ತೋ ಯಾರೋ ಮಾತಾಡಿ ಪೆಟ್ಟು ತಿಂದಿರ್ತಾರೆ ಅಂತ. ನಿಮ್ಮಲ್ಲಿ ತಿಂದೋನು ಆ ಹುಡುಗ. ಈ ಪತ್ರದಲ್ಲಿ ನನಗೆ ಅತಿ ಹೆಚ್ಚು ಸಂಕಟ ಆಗಿದ್ದು ಅವನ ಬಗ್ಗೆ, ನಿಮ್ಮ ಬಗ್ಗೆ ಅಲ್ಲ, ಬೇಜಾರ್ ಮಾಡ್ಕೊಬೇಡಿ.

ರೆಟ್ರೋ ಶುರು ಮಾಡೋವಾಗ, ರೆಟ್ರೋ ಬಗ್ಗೆ ಪುಸ್ತಕ ಬರೆದ ನಾರ್ಮ್ ಕರ್ತ್ ಅವರ ಪ್ರೈಮ್ ಡೈರೆಕ್ಟಿವ್ ಓದ್ತೀನಿ ಅಂತ ಬರೆದಿದ್ದೀರಿ. ಏನೇ ಗೊತ್ತಾಗ್ಲಿ, ಆ ಹೊತ್ತಿಗೆ ತಮಗೆ ತಿಳಿದಿದ್ದು, ತಮ್ಮ ಕೈಲಾಗಿದ್ದು, ಸಿಕ್ಕ ಅನುಕೂಲ ಎಲ್ಲ ನೋಡಿದ್ರೆ ಪ್ರತಿಯೊಬ್ಬರೂ ತಮ್ಮ ಶಕ್ತಿ ಮೀರಿ ಕೆಲಸ ಮಾಡಿದ್ದಾರೆ ಅಂತ ನಾವು ನಂಬ್ತೀವಿ, ಅನ್ನೋದು ಅದರ ಸಾರ. ಅದನ್ನ ಗಟ್ಟಿಯಾಗಿ ಓದಿ, ಒಂದು ಗಂಟೆ ಆದ್ಮೇಲೆ ಹೆಸರು ಹಾಕಿ ಮೇಲಕ್ಕೆ ರಿಪೋರ್ಟ್ ಕಳಿಸಿದ್ರೆ ಕೇಳಿಸಿಕೊಂಡೋರು ಯಾವುದನ್ನ ನಂಬ್ಬೇಕು?

ನಿಮ್ಮ ಮ್ಯಾನೇಜರ್ ಮೇಲೆ ನನಗೆ ಸಿಟ್ಟಿದೆ, ಆದ್ರೆ ತುಂಬಾ ಇಲ್ಲ. ರೆಟ್ರೋದಲ್ಲಿ ಬಂದ ಮಾತನ್ನ ರಿವ್ಯೂಗೆ ಎಳೆದು ತಂದಿದ್ದು ತಪ್ಪೇ ತಪ್ಪು, ಆದ್ರೆ ಕೈಗೆ ತಂದು ಕೊಟ್ಟ ಕಾಗದ ಯಾವ ಮ್ಯಾನೇಜರಾದ್ರೂ ಓದ್ತಾರೆ. ನನಗೆ ಜಾಸ್ತಿ ಸಿಟ್ಟು ಬಂದಿದ್ದು ನಿಮ್ಮ ಯಜಮಾನರ ಮೇಲೆ. ಅವರೂ ಐಟಿಯವರೇ, ಪ್ರಾಜೆಕ್ಟ್ ಲೀಡು, 'ನೀನು ತುಂಬಾ ಸಾಫ್ಟು, ಸ್ಟ್ರಿಕ್ಟ್ ಆಗು, ಒಬ್ಬೊಬ್ಬರ ಹೆಸರು ಹಿಡಿದು ಕೇಳು, ಆಮೇಲೆ ಎಲ್ಲಾ ರೆಕಾರ್ಡ್‌ನಲ್ಲಿ ಇರ್ಲಿ' ಅಂತ ಹೇಳಿಕೊಟ್ಟಿದ್ದು ಅವರೇ ಅಲ್ವಾ? ಎಂಒಎಂ ಐಡಿಯಾ ಅವರದ್ದೇ ಅಂತ ನೀವು ಹೇಳಿಲ್ಲ, ಆದ್ರೆ ಆ ಮಾತಿನ ವಾಸನೆ ಅದರಲ್ಲಿದೆ. ಅವರು ನಿಮ್ಮ ಟೀಮನ್ನ ಒಂದಿನಾನೂ ನೋಡಿಲ್ಲ. ಊಟ ಮಾಡ್ತಾ ಕೂತು ಎಂಟು ಜನರನ್ನ ಹೇಗೆ ಸಂಭಾಳಿಸ್ಬೇಕು ಅಂತ ತೀರ್ಪು ಕೊಡ್ತಾರೆ, ನೀವು ಮಾರನೇ ದಿನ ಅದನ್ನ ಪಾಲಿಸ್ತೀರಿ, ಕೆಲಸ ಆಗದಿದ್ರೆ ನಿಮ್ಮಲ್ಲಿ ಲೀಡರ್ ಗುಣ ಇಲ್ಲ ಅಂತ ಅಳ್ತೀರಿ. ಗಂಡಂದಿರು ಮನೇಲಿ ಕೂತು ಹೆಂಡತಿ ಆಫೀಸು ನಡೆಸೋದು ನನಗೆ ಯಾವತ್ತೂ ಸರಿ ಕಂಡಿಲ್ಲ, ಈ ಪತ್ರ ಓದಿದ ಮೇಲಂತೂ ಇನ್ನೂ ಇಲ್ಲ.

ಈಗ ಸ್ಕಿಲ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಕಲಿಯೋದು ಇದ್ದೇ ಇದೆ. ಒಂಬತ್ತು ವರ್ಷ ಟೆಸ್ಟಿಂಗ್ ಮಾಡಿದೋರು ನೀವು, ತಪ್ಪು ಕಂಡ ಕೂಡ್ಲೇ ಹೇಳೋದು, ಉತ್ತರ ಹುಡುಕಿ ಕೊಡೋದು ನಿಮ್ಮ ಕೈಗೆ ಹತ್ತಿರೋ ಕೆಲಸ. ಫೆಸಿಲಿಟೇಟರ್ ಅಂದ್ರೆ ಮಾತು ಹೇಗೆ ನಡೀಬೇಕು ಅನ್ನೋದನ್ನ ಮಾತ್ರ ನೋಡ್ಕೊಳ್ಳೋರು, ಏನು ತೀರ್ಮಾನ ಆಗ್ಬೇಕು ಅನ್ನೋದು ಟೀಮಿನದ್ದು. ಕೋಚಿಂಗ್ ಅಂದ್ರೆ ಎದುರಿಗಿರೋರು ತಮ್ಮ ಉತ್ತರ ತಾವೇ ಹುಡ್ಕೊಳ್ಳೋ ಹಾಗೆ ಪ್ರಶ್ನೆ ಕೇಳೋದು. ಎರಡಕ್ಕೂ ಮೊದಲು ಬೇಕಾಗಿರೋದು, ಪ್ರಶ್ನೆ ಕೇಳಿದ ಮೇಲೆ ನಾವು ಸುಮ್ನಿರೋದು. ಅಮೆರಿಕದಲ್ಲಿ ಮೇರಿ ಬಡ್ ರೋವ್ ಅಂತ ವಿಜ್ಞಾನ ಶಿಕ್ಷಣದ ಸಂಶೋಧಕಿ ಇದ್ರು, 1970ರ ದಶಕದಲ್ಲಿ ಅವರು ತೋರಿಸಿದ್ದು ಇಷ್ಟೇ: ಮೇಷ್ಟ್ರುಗಳು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡೂ ಕಾಯಲ್ಲ ಅನ್ನೋ ಹಾಗಿರ್ತಾರೆ, ಅದನ್ನ ಮೂರು ಸೆಕೆಂಡಿಗೆ ಏರಿಸಿದ್ರೆ ಮಕ್ಕಳ ಉತ್ತರ ಉದ್ದ ಆಗುತ್ತೆ, ತಾವಾಗೇ ಬಾಯಿ ಬಿಡೋರೂ ಜಾಸ್ತಿ ಆಗ್ತಾರೆ. ಝೂಮ್ ಕಾಲ್‌ನಲ್ಲಿ ಮ್ಯೂಟ್ ತೆಗೆಯೋಕೇ ಎರಡು ಸೆಕೆಂಡು ಬೇಕು, ಅದಕ್ಕೆ ನೀವು ಹತ್ತು ಎಣಿಸಿ. ಕಷ್ಟ ಆಗುತ್ತೆ. ಆ ಕಷ್ಟ ತಡ್ಕೊಳ್ಳೋದೇ ಈ ಕೆಲಸದ ಅರ್ಧ ಭಾಗ.

ಇನ್ನೊಂದು, ಮೊದಲು ಬರೆಯೋಕೆ ಬಿಡಿ, ಆಮೇಲೆ ಮಾತಾಡಿಸಿ. 1-2-4-ಆಲ್ ಅಂತ ಒಂದು ಪದ್ಧತಿ ಇದೆ, ಒಂದು ನಿಮಿಷ ಒಬ್ಬೊಬ್ಬರೇ ಯೋಚನೆ ಮಾಡಿ ಬರ್ಕೊಳ್ಳೋದು, ಎರಡು ನಿಮಿಷ ಇಬ್ಬಿಬ್ಬರು, ನಾಲ್ಕು ನಿಮಿಷ ನಾಲ್ಕು ನಾಲ್ಕು ಜನ, ಕೊನೇಲಿ ಐದು ನಿಮಿಷ ಎಲ್ಲರೂ. ಹನ್ನೆರಡೇ ನಿಮಿಷ, ಎಂಟು ಜನಕ್ಕೆ ಅಳತೆ ಮಾಡಿ ಮಾಡಿಸಿದ ಹಾಗಿದೆ. ನಾಲ್ಕು ಜನರ ಗುಂಪಿಂದ ಬಂದ ಮಾತು ಯಾರದ್ದು ಅಂತ ಹೇಳೋಕಾಗಲ್ಲ, ಅದರಲ್ಲೇ ಒಂದು ರಕ್ಷಣೆ ಇದೆ. ಬರೆಯೋದನ್ನ ಯಾವ ಭಾಷೆಯಲ್ಲಾದ್ರೂ ಬರೀಲಿ. ನಿಮ್ಮ ಟೀಮಲ್ಲಿ ಐದು ಜನ ಕನ್ನಡದವರು ಅಂತೀರಿ, ಹಾಗಿದ್ದೂ ಪೂರ್ತಿ ರೆಟ್ರೋ ಇಂಗ್ಲಿಷಲ್ಲಿ ಯಾಕೆ? ಕ್ಲೈಂಟ್ ಆ ಕಾಲ್‌ನಲ್ಲಿ ಇಲ್ಲ. ಜಗಳ, ಬೇಸರ, ಸಂಕೋಚ ಇವೆಲ್ಲ ಹೊರಗೆ ಬರೋದು ಮನೇಲಿ ಆಡೋ ಭಾಷೆಯಲ್ಲೇ. ಉಳಿದ ಮೂರು ಜನಕ್ಕೆ ಪಕ್ಕದಲ್ಲಿರೋರು ತಿಳಿಸಿ ಹೇಳ್ಲಿ. ನಿಮ್ಮ ಇಂಗ್ಲಿಷ್ ಬಗ್ಗೆ ನೀವು ಅಷ್ಟೊಂದು ಕೊರಗ್ತಿದ್ದೀರಲ್ಲ, ಅವರಲ್ಲೂ ಇಬ್ಬರು ಮೂವರು ಹಾಗೇ ಕೊರಗ್ತಿರ್ತಾರೆ ಅನ್ನೋದು ಖಂಡಿತ.

ಸ್ಟ್ಯಾಂಡಪ್ ಬಗ್ಗೆ ಜಾಸ್ತಿ ಬರೆಯಲ್ಲ. ಸ್ಕ್ರಮ್ ಹೇಗೆ ನಡೀಬೇಕು ಅಂತ ಹೇಳೋ ಸ್ಕ್ರಮ್ ಗೈಡಿನ 2020ರ ಆವೃತ್ತಿಯಲ್ಲಿ ಆ ಮೂರು ಪ್ರಶ್ನೆ, ನಿನ್ನೆ ಏನ್ ಮಾಡ್ದೆ ಇವತ್ತೇನು ಅಡ್ಡಿ ಏನು ಅನ್ನೋದು, ತೆಗೆದೇ ಹಾಕಿದ್ದಾರೆ. ಹದಿನೈದು ನಿಮಿಷದ ಆ ಮೀಟಿಂಗು ಡೆವಲಪರ್‌ಗಳದ್ದು, ಅವರು ಹೇಗೆ ಬೇಕಾದ್ರೂ ನಡೆಸ್ಕೊಬಹುದು. ಕೆಲಸಗಳೆಲ್ಲ ಟಿಕೆಟ್ ಟಿಕೆಟ್ ಆಗಿ ಕಾಣೋ ಬೋರ್ಡ್ ಶೇರ್ ಮಾಡಿ, ಮುಗಿಯೋಕೆ ಹತ್ತಿರ ಇರೋ ಟಿಕೆಟ್ಟಿಂದ ಶುರು ಮಾಡೋಕೆ ಹೇಳಿ, ನಿಮ್ಮ ಕ್ಯಾಮೆರಾ ಆಫ್ ಮಾಡಿ. ನೋಡೋಕೆ ನಿಮ್ಮ ಮುಖ ಇಲ್ಲದಿದ್ರೆ ಒಬ್ಬರಿಗೊಬ್ಬರು ಮಾತಾಡ್ಕೊಳ್ತಾರೆ.

ಆದ್ರೆ ಇದ್ಯಾವುದೂ ಆ ಮೇಲ್ ಹೋಗ್ತಿರೋವರೆಗೆ ನಡೆಯಲ್ಲ. ಅದಕ್ಕೇ ನಾನು ನಿಮಗೆ ಹೇಳೋದು ಒಂದೇ: ಇವತ್ತಿಂದ ರೆಟ್ರೋದ ಎಂಒಎಂ ನಿಲ್ಲಿಸಿ. ಸಿಸಿ ತೆಗೆದ್ರೆ ಸಾಕಾಗಲ್ವಾ ಅಂತ ಕೇಳ್ಬೇಡಿ, ಪೂರ್ತಿ ನಿಲ್ಲಿಸಿ. ರೆಟ್ರೋದಿಂದ ಹೊರಗೆ ಹೋಗೋದು ಟೀಮ್ ಒಪ್ಪಿಕೊಂಡ ಒಂದೋ ಎರಡೋ ಕೆಲಸ ಮಾತ್ರ, ಅದು ಮುಂದಿನ ಸ್ಪ್ರಿಂಟಿನ ಬೋರ್ಡ್ ಮೇಲೆ ಟಿಕೆಟ್ ಆಗಿ ಹೋಗ್ಲಿ, ಅದನ್ನ ಮಾಡೋರ ಹೆಸರು ಬಿಟ್ರೆ ಬೇರೆ ಯಾರ ಹೆಸರೂ ಬೇಡ.

ಮ್ಯಾನೇಜರ್ ಕೇಳೇ ಕೇಳ್ತಾರೆ. ಅವರಿಗೆ ನೇರವಾಗಿ ಹೇಳಿ: 'ಸರ್, ನೀವೇ ಫೆಸಿಲಿಟೇಶನ್ ಇಂಪ್ರೂವ್ ಮಾಡ್ಕೊಳ್ಳಿ ಅಂದ್ರಲ್ಲ, ನಾನು ಮಾಡ್ತಿರೋ ಮೊದಲ ಬದಲಾವಣೆ ಇದು. ಯಾರು ಹೇಳಿದ್ರು ಅಂತ ನಾನು ತಿಳಿಸಲ್ಲ, ಏನು ಸರಿ ಮಾಡ್ತಿದ್ದೀವಿ ಅಂತ ಪ್ರತಿ ಸ್ಪ್ರಿಂಟ್ ತೋರಿಸ್ತೀನಿ.' ಮುಂದೆ ರೆಟ್ರೋದಲ್ಲಿ ಸಮಸ್ಯೆ ಜಾಸ್ತಿ ಬರೋಕೆ ಶುರುವಾಗುತ್ತೆ ಅಂತ ಈಗ್ಲೇ ಹೇಳಿಟ್ಟಿರಿ, ಇಲ್ಲಾಂದ್ರೆ ಗಾಬರಿಯಾಗ್ತಾರೆ. ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡೋದ್ರಲ್ಲಿ ಆಗೋ ತಪ್ಪುಗಳನ್ನ ಸ್ಟಡಿ ಮಾಡಿದಾಗ ಒಳ್ಳೆ ನರ್ಸಿಂಗ್ ಟೀಮುಗಳಲ್ಲೇ ಹೆಚ್ಚು ತಪ್ಪು ವರದಿಯಾಗಿದ್ದು ಕಂಡುಬಂತು. ಆ ಟೀಮಿನವರು ತಪ್ಪನ್ನ ಮುಚ್ಚಿಡದೆ ಹೇಳ್ತಿದ್ರು, ಹೇಳೋಕೆ ಭಯ ಇರ್ಲಿಲ್ಲ. 'ಆಲ್ ಗುಡ್' ಅಂತ ಎಂಟು ಸ್ಟಿಕ್ಕಿ ನೋಟ್ ಬರೋ ಟೀಮಿಗಿಂತ ಎಂಟು ದೂರು ಬರೋ ಟೀಮು ಆರೋಗ್ಯವಾಗಿರುತ್ತೆ, ಇದನ್ನ ಮ್ಯಾನೇಜರಿಗೆ ಅರ್ಥ ಮಾಡಿಸೋದೂ ಸ್ಕ್ರಮ್ ಮಾಸ್ಟರ್ ಕೆಲಸವೇ.

ಮುಂದಿನ ರೆಟ್ರೋ ಶುರುವಲ್ಲಿ ಟೀಮಿಗೂ ಹೇಳಿ, ಇಷ್ಟು ದಿನ ಹೆಸರು ಹಾಕಿ ಕಳಿಸ್ತಿದ್ದೆ, ಇನ್ಮೇಲೆ ಕಳಿಸಲ್ಲ ಅಂತ, ಸುತ್ತಿ ಬಳಸಿ ಹೇಳ್ಬೇಡಿ. ಆಮೇಲೆ ಹೆಸರಿಲ್ಲದ ಪೋಲ್‌ನಲ್ಲಿ 1ರಿಂದ 5ರ ತನಕ ಒಂದು ನಂಬರ್ ಹಾಕ್ಸಿ, ಇಲ್ಲಿ ಮನಸ್ಸಲ್ಲಿರೋದು ಹೇಳೋಕೆ ಎಷ್ಟು ಧೈರ್ಯ ಇದೆ ಅಂತ. ಒಂದು, ಎರಡು ಜಾಸ್ತಿ ಬಂದ್ರೆ ಅವತ್ತು ಸ್ಪ್ರಿಂಟ್ ವಿಷಯ ತೆಗೀಲೇಬೇಡಿ, ಈ ನಂಬರ್ ಒಂದು ಮೆಟ್ಟಿಲು ಮೇಲೇರೋಕೆ ಏನ್ ಬೇಕು ಅನ್ನೋದಷ್ಟೇ ಕೇಳಿ, ಹತ್ತು ಎಣಿಸಿ. ಮೊದಲ ಸಲ ನಂಬಲ್ಲ. ಎರಡನೇ ಸಲವೂ ನಂಬದೇ ಇರಬಹುದು. ನಂಬಿಕೆ ಹೋಗೋಕೆ ಒಂದೇ ಮೇಲ್ ಸಾಕಾಯ್ತು, ವಾಪಸ್ ಬರೋಕೆ ಸ್ಪ್ರಿಂಟ್‌ಗಳೇ ಬೇಕು.

ಅದಕ್ಕೂ ಮುಂಚೆ ಆ ಹುಡುಗನನ್ನ ಒಬ್ಬನೇ ಕಾಫಿಗೆ ಕರ್ಕೊಂಡು ಹೋಗಿ. ಸಾರಿ ಕೇಳಿ. ಕೋಚಿಂಗ್ ಅಂತ ಅಲ್ಲಿ ಏನೂ ಶುರು ಮಾಡ್ಬೇಡಿ, ಗುರಿ ಏನು ದಾರಿ ಏನು ಅಂತ ಗ್ರೋ ಮಾಡೆಲ್ ಪ್ರಶ್ನೆಗಳನ್ನ ಕೇಳೋಕೆ ಹೋಗ್ಬೇಡಿ, ಅವನು ಹೇಳಿದ್ದನ್ನ ಕೇಳಿಸಿಕೊಂಡು ಬನ್ನಿ. ಅವನ ರಿವ್ಯೂದಲ್ಲಿ ಬಂದಿರೋ ಆ ಮಾತು ತೆಗೆಸೋಕೆ ಮ್ಯಾನೇಜರ್ ಹತ್ರ ನೀವೇ ಹೋಗಿ ಮಾತಾಡಿ. ಆಗುತ್ತೋ ಬಿಡುತ್ತೋ, ಹೋಗಿದ್ರು ಅನ್ನೋದು ಟೀಮಿಗೆ ಗೊತ್ತಾಗುತ್ತೆ.

ಕೋರ್ಸ್ ಬಗ್ಗೆ: ಮಗಳ ಫೀಸಿನ ದುಡ್ಡು ಮುಟ್ಟಬೇಡಿ. ಟೀಮ್ ಫೆಸಿಲಿಟೇಶನ್‌ಗೇ ಬೇರೆ, ಕೋಚಿಂಗ್‌ಗೇ ಬೇರೆ ಸರ್ಟಿಫಿಕೇಟ್‌ಗಳಿವೆ, ಮುಂದೆ ಕಂಪನಿ ದುಡ್ಡು ಕೊಟ್ರೆ ಮೊದಲು ಫೆಸಿಲಿಟೇಶನ್ ಮಾಡಿ, ಅದೂ ನೀವು ನಿಂತು ನಡೆಸಿ ಬೇರೆಯವರು ನೋಡಿ ಹೇಳೋ ಥರದ್ದು ಇದ್ರೆ ಮಾತ್ರ. ಸ್ಲೈಡ್ ಓದಿ ಮುಗಿಸೋ ಕೋರ್ಸ್ ನಿಮಗೆ ಈಗಾಗ್ಲೇ ಒಂದಾಗಿದೆ. ಅಲ್ಲಿವರೆಗೆ ಆಫೀಸಲ್ಲೇ ಇನ್ನೊಂದು ಟೀಮಿನ ಸ್ಕ್ರಮ್ ಮಾಸ್ಟರ್ ಜೊತೆ ರೆಟ್ರೋ ಅದಲು ಬದಲು ಮಾಡ್ಕೊಳ್ಳಿ, ನಿಮ್ಮದು ಅವರು ನಡೆಸ್ಲಿ, ಅವರದ್ದು ನೀವು. ಖರ್ಚಿಲ್ಲ, ಕಲಿಯೋದು ತುಂಬಾ.

ವಾಪಸ್ ಟೆಸ್ಟಿಂಗ್‌ಗೆ ಹೋಗೋದಾ ಅನ್ನೋದಕ್ಕೆ ಈಗ ಉತ್ತರ ಕೊಡಲ್ಲ. ಮೇಲ್ ನಿಲ್ಲಿಸಿ ನಾಲ್ಕು ಸ್ಪ್ರಿಂಟ್ ಆದ್ಮೇಲೆ ಆ ಪೋಲ್‌ನಲ್ಲಿ ಬಂದ ನಂಬರ್‌ಗಳನ್ನ ಬರೆದು ಕಳಿಸಿ, ಆಗ ಮಾತಾಡೋಣ. ಆ ಪತ್ರ ಬರೆಯೋ ಮುಂಚೆ ಯಜಮಾನರನ್ನ ಕೇಳೋದು ಬೇಡ.